ತಂತಿಯಿಲ್ಲದ ಬೆಸುಗೆ ಕಡ್ಡಿ: ಮನೆಯ ಮೇಜಿಗೆ ಒಪ್ಪೀತೇ?

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಬರುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಒಂದಾಗುತ್ತಾಳೆ. ಕೂಡಿದ ಮೇಲೆ ಈ ನೀರು ಯಾವ ನದಿಯದೆಂದು ಬೇರ್ಪಡಿಸಿ ಹೇಳಲಾಗದು. ಒಳ್ಳೆಯ ಬೆಸುಗೆಯ ಲಕ್ಷಣವೂ ಅದೇ. ಆದರೆ ಮೊನ್ನೆ ನಂಜನಗೂಡಿನಿಂದ ನರಸೀಪುರದ ಅಕ್ಕನ ಮನೆಗೆ ಹೋದಾಗ ನಾನು ಕಂಡದ್ದು ಕೂಡದ ಬೆಸುಗೆಯನ್ನು.

ಅಕ್ಕನ ಮಗ ಪಿ.ಯು.ಸಿ. ವಿದ್ಯಾರ್ಥಿ. ಹಬ್ಬಹರಿದಿನಗಳಲ್ಲಿ ಹಿರಿಯರು ಕೊಟ್ಟ ದುಡ್ಡನ್ನು ಕೂಡಿಟ್ಟು, ಸಣ್ಣ ಬ್ಯಾಟರಿಗಳಿಂದ ನಡೆಯುವ ತಂತಿರಹಿತ ಸೋಲ್ಡರಿಂಗ್ ಐರನ್ನೊಂದನ್ನು ತರಿಸಿದ್ದನು. ಎಲ್.ಇ.ಡಿ. ದೀಪಗಳನ್ನು ಬೆಸೆದು ಗೆದ್ದ ಉತ್ಸಾಹದಲ್ಲಿ ಅವನ ಕಣ್ಣು ತೀರಿಹೋದ ತಾತನ ವಾಲ್ವ್ ರೇಡಿಯೋದ ಮೇಲೆ ಬಿದ್ದಿತು. ಒಳಗಿನ ಉಕ್ಕಿನ ತಟ್ಟೆಗೆ ಬೆಸೆದಿದ್ದ ತಂತಿಯೊಂದು ಬಿಟ್ಟುಹೋಗಿತ್ತು. ಎರಡು ದಿನ ಹೆಣಗಿದರೂ ಬೆಸುಗೆಲೋಹ ಅಂಟಲಿಲ್ಲ, ಗುಂಡುಗುಂಡಾಗಿ ಉರುಳಿಬಿದ್ದಿತು. ಪಕ್ಕದ ತಂತಿಯ ಹೊದಿಕೆ ಮಾತ್ರ ಕರಗಿತು.

“ಅವರು ದಿನವೂ ಒರಸಿಡುತ್ತಿದ್ದ ಪೆಟ್ಟಿಗೆ ಕಣಪ್ಪ, ಮೊಮ್ಮಗ ಅದರ ಕರುಳನ್ನೇ ಬಗೆದಿಟ್ಟಿದ್ದಾನೆ” ಎಂದು ಅಕ್ಕನ ಅತ್ತೆಯವರು ಸೆರಗಿನಿಂದ ಕಣ್ಣೊರಸಿಕೊಂಡರು. “ಮಾವ, ಕಡ್ಡಿ ಚೆನ್ನಾಗಿಯೇ ಕಾಯುತ್ತದೆ. ಆದರೂ ಏಕೆ ಹಿಡಿಯುವುದಿಲ್ಲ?” ಎಂಬುದು ಹುಡುಗನ ಪ್ರಶ್ನೆ. ಹವ್ಯಾಸಿಗಳಿರುವ ಅನೇಕ ಮನೆಗಳ ಪ್ರಶ್ನೆಯೂ ಇದೇ ಆಗಿರುವುದರಿಂದ ಇಲ್ಲಿ ವಿವರಿಸಲು ಹೊರಟಿದ್ದೇನೆ.

ಕಾವು ಬೇರೆ, ಕಸುವು ಬೇರೆ

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಸೀಸ 327ರಲ್ಲಿ. ಆದರೆ ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಬೆರೆಸಿದರೆ ಆ ಮಿಶ್ರಣ 183 ಡಿಗ್ರಿಗೇ ನೀರಾಗುತ್ತದೆ. ರೇಡಿಯೋ ಕೆಲಸದ ಬೆಸುಗೆತಂತಿಯ ಗುಟ್ಟು ಇದೇ. ಸೀಸವಿಲ್ಲದ ಇಂದಿನ ಬೆಸುಗೆತಂತಿಗಳಲ್ಲಿ ಹೆಚ್ಚಿನವಕ್ಕೆ ಸುಮಾರು 217 ಡಿಗ್ರಿಯಾದರೂ ಬೇಕು.

ಕಡ್ಡಿಯ ತುದಿ ಕರಗುವ ಕಾವಿಗೆ ಬಂದರಷ್ಟೇ ಸಾಲದು. ಬೆಸೆಯಬೇಕಾದ ಲೋಹವೂ ಅಷ್ಟು ಕಾಯಬೇಕು. ಒಗ್ಗರಣೆ ಸೌಟು ಎಷ್ಟೇ ಕೆಂಪಗೆ ಕಾದಿರಲಿ, ಹಂಡೆಯ ನೀರಿಗೆ ಅದ್ದಿದರೆ ಒಮ್ಮೆ ‘ಚುಂಯ್’ ಎಂದು ತಾನೇ ತಣ್ಣಗಾಗುವುದಲ್ಲವೆ? ಉಕ್ಕಿನ ತಟ್ಟೆಯಾಗಲಿ, ಸರ್ಕ್ಯೂಟ್ ಹಲಗೆಯ ಅಗಲವಾದ ತಾಮ್ರದ ಹಾಳೆಯಾಗಲಿ ಆ ಹಂಡೆಯಿದ್ದಂತೆ. ಸಣ್ಣ ಬ್ಯಾಟರಿಗಳ ಕಡ್ಡಿಯ ಶಕ್ತಿ ಬಹುಮಟ್ಟಿಗೆ ಹತ್ತು ವ್ಯಾಟಿನ ಒಳಗೆ. ತುದಿ ಕಳೆದುಕೊಂಡ ಕಾವನ್ನು ಕೂಡಲೇ ತುಂಬಿಕೊಡಲು ಅದಕ್ಕೆ ಕಸುವಿಲ್ಲ. ಆಗ ಹುಡುಗರು ಕಡ್ಡಿಯನ್ನು ಒತ್ತಿಹಿಡಿದು ಕೂರುತ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸ ಅರ್ಧ ನಿಮಿಷ ಹಿಡಿಯುತ್ತದೆ. ಬೆಸುಗೆ ಕೂಡುವ ಮೊದಲೇ ಹಲಗೆಯ ತಾಮ್ರ ಎದ್ದುಬರುತ್ತದೆ.

ಬಗೆಬಗೆಯ ಕಡ್ಡಿಗಳು

ತಂತಿರಹಿತವೆಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿರುವುವು ಹಲವು ಬಗೆ. ಬ್ಯೂಟೇನ್ ಅನಿಲದ ಕಡ್ಡಿಗೆ ಕಸುವಿಗೇನೂ ಕೊರತೆಯಿಲ್ಲ. ಆದರೆ ಅದು ಪಕ್ಕಕ್ಕೆ ಉಗುಳುವ ಬಿಸಿಗಾಳಿ ನೆರೆಯ ಭಾಗಗಳನ್ನು ಕರಗಿಸಬಲ್ಲದು. ಕಾವನ್ನು ನಿಖರವಾಗಿ ಹಿಡಿತದಲ್ಲಿಡುವುದೂ ಕಷ್ಟ. ಇನ್ನೊಂದು ಬಗೆಯಲ್ಲಿ ತುದಿ ಎರಡಾಗಿ ಸೀಳಿದ್ದು, ವಿದ್ಯುತ್ತು ಬೆಸುಗೆಯ ಮೂಲಕವೇ ಹರಿದು ಅದನ್ನು ಕಾಯಿಸುತ್ತದೆ. ಸೂಕ್ಷ್ಮವಾದ ಚಿಪ್ಪುಗಳಿರುವಲ್ಲಿ ಇದನ್ನು ಮುಟ್ಟಿಸದಿರುವುದೇ ಲೇಸು.

ಲಿಥಿಯಂ ಬ್ಯಾಟರಿಯ ಕಡ್ಡಿಗಳು ಇವೆರಡಕ್ಕಿಂತ ಮೇಲು. ಆದರೆ ಲೆಕ್ಕವನ್ನು ಮರೆಯಬಾರದು. ಒಂದು ಸಾಮಾನ್ಯ ಲಿಥಿಯಂ ಸೆಲ್ಲಿನಲ್ಲಿ ಅಡಗಿರುವುದು ಸುಮಾರು 10 ವ್ಯಾಟ್-ಗಂಟೆಯಷ್ಟು ಶಕ್ತಿ. ಗೋಡೆಯ ಪ್ಲಗ್ಗಿನಿಂದ ನಡೆಯುವ 25 ವ್ಯಾಟಿನ ಸಾಮಾನ್ಯ ಕಡ್ಡಿ ಎರಡು ಗಂಟೆಯಲ್ಲಿ 50 ವ್ಯಾಟ್-ಗಂಟೆಯನ್ನು ನುಂಗುತ್ತದೆ. ಸಂಜೆಯಿಡೀ ಕುಳಿತು ಕಲಿಯುವವನಿಗೆ ಒಂದು ಸೆಲ್ಲು ಎಲ್ಲಿಯ ಮಾತು?

ಇವುಗಳ ನಡುವೆ ಒಂದು ಮಧ್ಯಮಮಾರ್ಗವುಂಟು. ಯು.ಎಸ್.ಬಿ.-ಸಿ ಬಾಯಿಯ, ಕಾವನ್ನು ತಾನೇ ಕಾಯ್ದುಕೊಳ್ಳುವ ಪುಟ್ಟ ಕಡ್ಡಿಗಳವು. ಕೆಲವು 60 ವ್ಯಾಟಿಗೂ ಮೇಲೇರುತ್ತವೆ. ತೆಳುವಾದ ತಂತಿಯೊಂದು ಇದ್ದೇ ಇರುತ್ತದಾದರೂ ಗೋಡೆಯ ಹಂಗಿಲ್ಲ. 20,000 ಮಿಲಿ ಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿ ಸುಮಾರು 74 ವ್ಯಾಟ್-ಗಂಟೆಯ ಶಕ್ತಿ ಇರುವುದರಿಂದ, ಕೊಂಚ ಸೋರಿಹೋದರೂ ಸಂಜೆಯ ಕೆಲಸಕ್ಕೆ ಸಾಕು. ಕಡ್ಡಿ ಬೇಡುವ ವೋಲ್ಟೇಜನ್ನು ಆ ಬ್ಯಾಂಕು ಕೊಡುವುದೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಮೈಸೂರಿನ 30 ವ್ಯಾಟು

ಅಲ್ಪಶಕ್ತಿಯೆಂದರೆ ಅಲ್ಪಕಾರ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದ್ದು ಕೇವಲ 30 ವ್ಯಾಟಿನ ಪ್ರೇಷಕದಿಂದ. ಇಂದಿನ ಸಾಮಾನ್ಯ ಬೆಸುಗೆ ಕಡ್ಡಿಯೊಂದು ಉಣ್ಣುವಷ್ಟೇ ಶಕ್ತಿ! ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ 1957ರಲ್ಲಿ ದೇಶದ ಬಾನುಲಿಗೆಲ್ಲ ಸಂದಿತು. ಹವ್ಯಾಸವೆಂದು ಮನೆಯಲ್ಲಿ ಮೊಳೆತದ್ದು ನಾಡಿಗೆ ನೆರಳಾದ ಕಥೆ ಅದು. ಆದುದರಿಂದ ಹುಡುಗರ ಕೈಯಿಂದ ಕಡ್ಡಿಯನ್ನು ಕಿತ್ತುಕೊಳ್ಳುವುದು ಪರಿಹಾರವಲ್ಲ. ತಕ್ಕ ಕಡ್ಡಿಯನ್ನು ಕೊಡಿಸುವುದೇ ಪರಿಹಾರ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮನೆಯ ಮೇಜಿನ ಮೇಲೆ ಕಲಿಯುವವನಿಗೆ ಮೂರು ಮುಳ್ಳಿನ ಪ್ಲಗ್ಗಿದ್ದು ನೆಲಸಂಪರ್ಕವಿರುವ, ಕಾವು ನಿಯಂತ್ರಿಸಬಹುದಾದ ತಂತಿಯ ಕಡ್ಡಿಯೇ ಮೊದಲ ಆಯ್ಕೆ. ತಂತಿರಹಿತವಾದದ್ದು ಎರಡನೆಯ ಕಡ್ಡಿಯಾಗಿರಲಿ. ಮಾಳಿಗೆಯ ಮೇಲಿನ ತಂತಿಗೆ, ಸ್ಕೂಟರಿನ ದೀಪಕ್ಕೆ, ವಿದ್ಯುತ್ತು ಹೋದ ಹೊತ್ತಿನ ಸಣ್ಣ ರಿಪೇರಿಗೆ ಅದು ಉತ್ತಮ ಸಂಗಾತಿ.

ತಾಯಂದಿರಿಗೆ ಎರಡು ಮಾತು. ಬೆಸೆಯುವಾಗ ಏಳುವ ಹೊಗೆ ಮುಖ್ಯವಾಗಿ ರಾಳದ್ದು, ಸೀಸದ್ದಲ್ಲ. ಆದರೂ ಉಬ್ಬಸವಿರುವವರಿಗೆ ಅದು ಒಗ್ಗದು. ಕಿಟಕಿ ತೆರೆದಿರಲಿ. ಸೀಸ ಹೊಟ್ಟೆ ಸೇರುವುದು ಕೈಯಿಂದ. ಆದ್ದರಿಂದ ಸಾಬೂನು ಹಚ್ಚಿ ಕೈ ತೊಳೆಯದೆ ಚಕ್ಕುಲಿ ಡಬ್ಬಿಯನ್ನು ಮುಟ್ಟಕೂಡದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯನ್ನು ಅಳಿಯನಿಗೆ ಅಂದೇ ಹೇಳಿದೆನು: “ಕಡ್ಡಿಗೆ ತಂತಿಯಿಲ್ಲವೆಂದು ಅಪಾಯವೂ ಇಲ್ಲವೆಂದುಕೊಳ್ಳಬೇಡ ಮರಿ. ಹಳೆಯ ವಾಲ್ವ್ ರೇಡಿಯೋದ ಪ್ಲಗ್ಗನ್ನು ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ ಜೀವ ತೆಗೆಯಬಲ್ಲ ವಿದ್ಯುತ್ತು ಉಳಿದಿರಬಹುದು. ಬಲ್ಲವರಿಲ್ಲದೆ ಇನ್ನು ಅದನ್ನು ತೆರೆಯಬೇಡ.” ಹುಡುಗನ ಮುಖ ಬಿಳಿಚಿಕೊಂಡಿತು. ಅಲ್ಲಿಯವರೆಗೆ ರೇಡಿಯೋ ಕೆಟ್ಟಿತೆಂದು ಮರುಗುತ್ತಿದ್ದ ಅಜ್ಜಿ ಮೊಮ್ಮಗನ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಮುಂದಿನ ಭಾನುವಾರ ರೇಡಿಯೋವನ್ನು ನಂಜನಗೂಡಿಗೆ ತಂದೆವು. ವಾಲ್ವ್ ಕಾಲದಿಂದಲೂ ಕೈ ಪಳಗಿದ ಹಿರಿಯರೊಬ್ಬರು ಕೆಪಾಸಿಟರುಗಳ ವಿದ್ಯುತ್ತನ್ನು ಮೊದಲು ಇಳಿಸಿ, ತಟ್ಟೆಯನ್ನು ಉಜ್ಜಿ, ದಪ್ಪ ತುದಿಯ ದೊಡ್ಡ ಕಡ್ಡಿಯನ್ನು ಹುಡುಗನ ಕೈಗೇ ಕೊಟ್ಟರು. ಲೋಹ ನೀರಿನಂತೆ ಹರಡಿ ಮಿರಮಿರನೆ ಹೊಳೆಯಿತು. ಹಳೆಯ ಕೆಪಾಸಿಟರುಗಳನ್ನು ಬದಲಿಸುವ ತನಕ ವಿದ್ಯುತ್ತು ಕೊಡಬಾರದೆಂದು ಅವರ ಅಪ್ಪಣೆಯಾಗಿದೆ. ಪೆಟ್ಟಿಗೆ ಇನ್ನೂ ಹಾಡಿಲ್ಲ. ಆದರೂ ಅಜ್ಜಿ ಅದನ್ನು ದಿನವೂ ಒರಸಿಡುತ್ತಿದ್ದಾರಂತೆ.