ನೀರಿನ ಡ್ರಾಗನ್‌ಗೆ ಈಜುರೆಕ್ಕೆಯಷ್ಟೇ ಸಾಲದು

ಮೇಜಿನ ಸುತ್ತ ನಾಲ್ಕೈದು ಜನ ಕೂತು ಕಥೆ ಕಟ್ಟುತ್ತಾ ಆಡುವ ಆಟಗಳಿಗೆ ದಾರಿ ತೆರೆದದ್ದು 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಏಟು ತಾಗಿತೋ ತಪ್ಪಿತೋ ಎಂಬುದನ್ನು ಈಗ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಥೆ ನಡೆಸುವವರಿಗೆ ಸ್ವಂತ ಮೃಗಗಳನ್ನು ಸೃಷ್ಟಿಸುವ ಚಪಲ ಸಹಜ. ಆದರೆ ನೀರಿನ ಡ್ರಾಗನ್ ಬೇಕೆಂದಾಗ ಹಲವರು ಬೆಂಕಿ ಉಗುಳುವ ಹಳೆಯ ಡ್ರಾಗನ್ನಿನ ರೆಕ್ಕೆ ಕಿತ್ತು, ಈಜುರೆಕ್ಕೆ ಅಂಟಿಸಿ, ನೀಲಿ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಅದು ವೇಷ ಬದಲಿಸಿದ ಹಳೆಯ ಮೃಗವೇ. ಮೃಗಕ್ಕೆ ಹೊಸತನ ಬರುವುದು ಮೈಕಟ್ಟಿನಿಂದಲ್ಲ, ಅದು ತಾನಿರುವ ಜಾಗವನ್ನು ಬಳಸಿಕೊಳ್ಳುವ ಬಗೆಯಿಂದ.

ಈ ಆಟದಲ್ಲೇ ಇರುವ ಡ್ರಾಗನ್ ಟರ್ಟಲ್ ಎಂಬ ದೈತ್ಯ ಆಮೆಯನ್ನು ನೋಡಿ. ಡ್ರಾಗನ್ ತಲೆಯ ಆಮೆ ಚೀನಾದ ಹಳೆಯ ಕಲ್ಪನೆ, ಹಾಗಾಗಿ ರೂಪದಲ್ಲಿ ಹೊಸದೇನೂ ಇಲ್ಲ. ಆದರೆ ಅದು ಉಗುಳುವುದು ಬೆಂಕಿಯನ್ನಲ್ಲ, ಕುದಿಯುವ ಹಬೆಯನ್ನು. 2014ರ ಐದನೆಯ ಆವೃತ್ತಿಯ ನಿಯಮದಂತೆ ನೀರಿನಲ್ಲಿ ಪೂರ್ತಿ ಮುಳುಗಿದವರಿಗೆ ಬೆಂಕಿಯ ಹಾನಿ ಅರ್ಧಕ್ಕಿಳಿಯುತ್ತದೆ; ಈ ಹಬೆಗೆ ಮಾತ್ರ ಆ ವಿನಾಯಿತಿ ಇಲ್ಲ. ನೀರಿಗೆ ಹಾರಿದರೆ ಬದುಕಿದೆವು ಎಂದುಕೊಂಡವರ ಲೆಕ್ಕಾಚಾರ ಇಲ್ಲೇ ತಲೆಕೆಳಗಾಗುತ್ತದೆ. ರಸ್ಟ್ ಮಾನ್‌ಸ್ಟರ್ ಎಂಬ ಇನ್ನೊಂದು ಮೃಗದ ಆಕಾರ ಗೈಗ್ಯಾಕ್ಸ್‌ಗೆ ದೊರೆತದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದರಿಂದ. ಅದು ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುತ್ತದೆ, ವೀರರ ಕತ್ತಿ ಕವಚಗಳೇ ಅದರ ಊಟ. ಆಟಗಾರರು ಹೆದರುವುದು ಆ ಹಸಿವಿಗೆ. ಆಟಿಕೆಯ ಆಕಾರಕ್ಕೆ ಯಾರು ಹೆದರುತ್ತಾರೆ?

ಕಲ್ಪನೆಯ ಲೋಕಕ್ಕೆ ನೀರಿನ ನಿಯಮಗಳ ಹಂಗೇಕೆ ಎಂದು ಕೇಳಬಹುದು. ಹಂಗು ಹಾಕಿರುವುದು ಆಟವೇ. ನೀರೊಳಗೆ ಎಷ್ಟು ನಿಮಿಷ ಉಸಿರು ಹಿಡಿಯಬಹುದು ಎಂಬುದಕ್ಕೂ ಅಲ್ಲಿ ಲೆಕ್ಕವಿದೆ. ಜಲಚರದಂತೆ ಈಜಲಾಗದವನ ಉದ್ದ ಕತ್ತಿ ಅಲ್ಲಿ ತಡವರಿಸುತ್ತದೆ, ಈಟಿ, ತ್ರಿಶೂಲ, ಬಾಕು ನಡೆಯುತ್ತವೆ. ಆಟಗಾರರು ಉಪಾಯ ಹೂಡುವುದು ಇಂಥ ಕಟ್ಟಳೆಗಳನ್ನು ನಂಬಿ. ಕಥೆ ನಡೆಸುವವರು ಮನಸ್ಸಿಗೆ ಬಂದಂತೆ ಅವನ್ನು ಮುರಿದರೆ ಉಪಾಯಕ್ಕೆ ಬೆಲೆಯೇ ಉಳಿಯದು, ದಾಳ ಉರುಳಿಸುವುದಷ್ಟೇ ಉಳಿದೀತು.

ಹಳೆಯ ರೂಪದಿಂದ ಹೊಸ ಮೃಗ ಹುಟ್ಟೀತೇ ಎಂಬ ಅನುಮಾನಕ್ಕೆ ನಮ್ಮ ಮಕರವನ್ನೇ ಪರೀಕ್ಷೆಗೆ ಒಡ್ಡಬಹುದು. ವರುಣನ ವಾಹನ, ಗಂಗೆಯ ವಾಹನ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಪಟ್ಟಿಕೆಗಳಲ್ಲಿ ಹಂಸಗಳ ಜೊತೆ ಸಾಲುಗಟ್ಟಿದ ಜೀವಿ. ಎಷ್ಟೋ ಗುಡಿಗಳಲ್ಲಿ ಅಭಿಷೇಕದ ನೀರು ಹೊರಬರುವುದು ಮಕರದ ಬಾಯಿಂದಲೇ. ಆ ಬಾಯನ್ನೇ ಹಿಡಿದು ಒಂದು ಮೃಗ ಕಟ್ಟೋಣ. ಅದು ಕೆರೆಯ ನೀರನ್ನೆಲ್ಲ ಹೀರಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ದೋಣಿ ಕೆಸರಿನಲ್ಲಿ ಕೂರುತ್ತದೆ, ವೀರರು ಬರಿದಾದ ಕೆರೆಯಂಗಳಕ್ಕೆ ಇಳಿಯುತ್ತಾರೆ, ಆಗ ಮೃಗ ಬಾಯಿ ತೆರೆಯುತ್ತದೆ. ಹೊಟ್ಟೆ ತುಂಬಿದ್ದಾಗ ಕೊಂದರೆ ಕೆಳಗಿನ ಊರು ಕೊಚ್ಚಿಹೋಗುತ್ತದೆ, ಬಿಟ್ಟರೆ ಗದ್ದೆಗಳು ಒಣಗುತ್ತವೆ. ಕತ್ತಿಯೊಂದರಿಂದ ಬಗೆಹರಿಯದ ಈ ಇಕ್ಕಟ್ಟು ಹುಟ್ಟಿದ್ದು ಒಂದೇ ಒಂದು ಅಭ್ಯಾಸದಿಂದ. ಹಾಗಾಗಿ ಇಂಥ ಮೃಗದ ನಡತೆಯನ್ನೆಲ್ಲ ಆಟದ ನಡುವೆ ನೆನಪಿಡಲು ಕಷ್ಟ ಎಂಬ ತಕರಾರೂ ನಿಲ್ಲುವುದಿಲ್ಲ. ನೀರಿನ ಮೃಗ ಕಟ್ಟಲು ಕೂತವರು ಅದು ನೀರಿಗೆ ಏನು ಮಾಡುತ್ತದೆ ಎಂಬ ಒಂದು ಸಾಲನ್ನು ಮೊದಲು ಬರೆಯಲಿ. ಆಯುಷ್ಯದ ಅಂಕ, ಚರ್ಮದ ಗಡಸು, ಹಲ್ಲಿನ ಹಾನಿಯನ್ನು ಆಮೇಲೆ ತುಂಬಿಕೊಳ್ಳಬಹುದು.