ಬಾಡಿಗೆ ಮನೆಯ ಅಂಗಳದಲ್ಲೊಂದು ನುಗ್ಗೆ

ಶಿರೂರು ಎಂದೊಡನೆ ಕನ್ನಡಿಗರಿಗೆ ಒಂದಕ್ಕಿಂತ ಹೆಚ್ಚು ಊರುಗಳು ನೆನಪಿಗೆ ಬರುವುದು ಸಹಜ. ಬೈಂದೂರಿನ ಹತ್ತಿರ ಕಡಲಂಚಿನಲ್ಲೊಂದು ಶಿರೂರುಂಟು, ಬಾಗಲಕೋಟೆಯ ಸೀಮೆಯಲ್ಲೊಂದುಂಟು, ಅಂಕೋಲೆಯ ಹಾದಿಯಲ್ಲಿ ಮತ್ತೊಂದುಂಟು. ನಾವು ಹೇಳಹೊರಟಿರುವುದು ಪುಣೆ ಜಿಲ್ಲೆಯ ಶಿರೂರಿನ ಮಾತು. ಹಳಬರು ಈ ಊರನ್ನು ಘೋಡನದಿ ಎಂದೇ ಕರೆಯುತ್ತ ಬಂದವರು. ಪುಣೆಯಿಂದ ಅಹಮದನಗರಕ್ಕೆ (ಈಗ ಅದು ಅಹಿಲ್ಯಾನಗರ) ಹೋಗುವ ಹೆದ್ದಾರಿಯಲ್ಲಿ, ಘೋಡ ನದಿಯ ದಂಡೆಯ ಮೇಲೆ ಈ ಊರಿದೆ. ನದಿ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಕನ್ನಡ ನಾಡನ್ನು ಹೊಕ್ಕು ಗಾಣಗಾಪುರದ ಮಗ್ಗುಲಲ್ಲಿ ಹರಿದು ಕೃಷ್ಣೆಗೆ ಕೂಡುತ್ತದೆ. ನೀರು ನಮ್ಮೂರ ಕಡೆಗೆ ಹೋಗುತ್ತದೆ, ಜನ ಅತ್ತಣಿಂದ ಇತ್ತ ಬರುತ್ತಾರೆ.

ರಾಂಜಣಗಾವ, ಸಣಸವಾಡಿ, ಶಿಕ್ರಾಪುರಗಳ ಕಾರಖಾನೆಗಳನ್ನು ನಂಬಿ ಈ ತಾಲೂಕಿಗೆ ಬಂದು ನೆಲಸಿದ ನಮ್ಮವರಲ್ಲಿ ಹೆಚ್ಚಿನವರಿಗೆ ಸ್ವಂತ ಮನೆಯಿಲ್ಲ. 11 ತಿಂಗಳ ಕರಾರು, ಅದು ಮುಗಿದೊಡನೆ ಬಾಡಿಗೆ ಏರಿಸುವ ಮಾತು, ಇಲ್ಲವೇ ಬೇರೆ ಮನೆಯ ಹುಡುಕಾಟ. ಅಂಗಳದಲ್ಲಿ ನಾಲ್ಕು ಮೊಳ ನೆಲ ಬಿದ್ದಿದ್ದರೂ ತುಳಸಿಯ ಕುಂಡವೊಂದನ್ನು ಇಟ್ಟು ಸುಮ್ಮನಾಗುತ್ತಾರೆ. ‘ಗಿಡ ಹಚ್ಚಿ ಏನು ಮಾಡುವುದು? ಅದು ಕಾಯಿ ಬಿಡುವ ಹೊತ್ತಿಗೆ ನಾವು ಎಲ್ಲಿರುತ್ತೇವೋ!’ ಎಂಬುದು ಎಲ್ಲ ಮನೆಗಳಲ್ಲೂ ಕೇಳುವ ಮಾತು. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಇದೇ ತಾಲೂಕಿನ ಮೋರಾಚಿ ಚಿಂಚೋಳಿ ನವಿಲುಗಳಿಗೂ ಹುಣಿಸೆ ಮರಗಳಿಗೂ ಹೆಸರಾದ ಊರು. ಬೀಜದಿಂದ ಎದ್ದ ಹುಣಿಸೆ ಹಣ್ಣು ಕೊಡಲು ವರ್ಷಗಳೇ ಬೇಕು. ಅಂಥ ಗಿಡ ಬಾಡಿಗೆಯವರಿಗಲ್ಲ.

ಆದರೆ 11 ತಿಂಗಳ ಕರಾರಿನೊಳಗೇ ಬೀಜದಿಂದ ಕಾಯಿಯವರೆಗಿನ ಹಾದಿಯನ್ನು ನಡೆದು ಮುಗಿಸುವ ಮರವೊಂದುಂಟು. ಅದೇ ನುಗ್ಗೆ.

ನಮ್ಮ ಹಿರಿಯರು ನುಗ್ಗೆಯ ಕೊಂಬೆ ಕಡಿದು ನೆಡುತ್ತಿದ್ದರೇ ಹೊರತು ಬೀಜ ಹಾಕುತ್ತಿದ್ದುದು ಅಪರೂಪ. ಈ ರೂಢಿ ಬದಲಾದದ್ದು ಬೀಜದಿಂದಲೇ ಬೇಗ ಫಲಕ್ಕೆ ಬರುವ ತಳಿಗಳು ಬಂದ ಮೇಲೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪೆರಿಯಕುಳಂ ತೋಟಗಾರಿಕೆ ಕಾಲೇಜಿನವರು 1989ರಲ್ಲಿ ಹೊರತಂದ ಪಿ.ಕೆ.ಎಂ.-1 ಎಂಬ ತಳಿ ಬಿತ್ತಿದ ಸುಮಾರು ಮೂರು ತಿಂಗಳಿಗೆ ಹೂ ಕಟ್ಟಿ, ಆರನೆಯ ತಿಂಗಳ ಸುಮಾರಿಗೆ ಕಾಯಿ ಕೊಡುತ್ತದೆ. ಕಾಯಿಗಳು ಎರಡು ಅಡಿಗೂ ಮೇಲ್ಪಟ್ಟು ಉದ್ದ. ಅಭಿಮಾನದಿಂದ ಹೇಳಬಹುದಾದ ಇನ್ನೊಂದು ಸಂಗತಿಯೆಂದರೆ, ಬೆಳಗಾವಿ ಜಿಲ್ಲೆಯ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ರೂಪುಗೊಂಡ ‘ಭಾಗ್ಯ’ ತಳಿಯೂ ಹೀಗೆಯೇ ಗಿಡ್ಡ ಜಾತಿಯದು, ಬೇಗ ಫಲಕ್ಕೆ ಬರುವಂಥದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಅದು ಪ್ರಚಾರದಲ್ಲಿದೆ. ರಜೆಗೆ ಊರಿಗೆ ಹೋದವರು ಆ ದಾರಿಯಲ್ಲಿ ಬರುವುದಾದರೆ ಒಂದು ಹಿಡಿ ಬೀಜ ತರಬಹುದು. ಒಂದು ಮನೆಗೆ ನಾಲ್ಕು ಬೀಜ ಸಾಕಾಗಿ ಉಳಿದದ್ದು ನೆರೆಯವರಿಗೆ.

ಬೀಜ ತರುವಾಗ ಕೇಳತಕ್ಕ ಮೊದಲ ಪ್ರಶ್ನೆ ಅದರ ವಯಸ್ಸು. ನುಗ್ಗೆಯ ಬೀಜಕ್ಕೆ ಗಟ್ಟಿ ಕವಚದ ದೀರ್ಘನಿದ್ರೆಯಿಲ್ಲ. ಹೊಸದಾಗಿದ್ದಾಗ ಬಿತ್ತಿದೊಡನೆ ಏಳುತ್ತದೆ, ಇಟ್ಟಷ್ಟೂ ಬಲಗುಂದುತ್ತದೆ. ಉಳ್ಳಾಗಡ್ಡಿ ಬೆಳೆಯುವ ಶಿರೂರಿನ ರೈತರನ್ನು ಕೇಳಿದರೆ ಹಳೆಯ ಬೀಜದ ಕಷ್ಟವನ್ನು ಅವರೇ ಬಣ್ಣಿಸಿಯಾರು. ಉಳ್ಳಾಗಡ್ಡಿಯ ಬೀಜದ ಆಯುಸ್ಸು ಬಲು ಕಡಮೆ. ಅಂಗಡಿಯ ಪೊಟ್ಟಣ ಕೊಂಡರೆ ಮೇಲಿನ ತಾರೀಖು ನೋಡಿರಿ. ಗುಲಾಬಿ ಬಣ್ಣ ಬಳಿದ ಬೀಜವಾದರೆ ಅದು ಔಷಧಿ ಹಚ್ಚಿದ್ದು; ಮಕ್ಕಳ ಕೈಗೆ ಕೊಡಬಾರದು.

ಇನ್ನು ಬೀಜವನ್ನು ಬೇಗ ಎಬ್ಬಿಸುವ ವಿಚಾರ. ಇದರಲ್ಲಿ ನಮ್ಮ ಗೃಹಿಣಿಯರಿಗೆ ಪಾಠ ಹೇಳುವ ಅಗತ್ಯವೇ ಇಲ್ಲ. ಮಡಿಕೆಕಾಳಿನ ಉಸಳಿ ಮಾಡುವವರು ಏನು ಮಾಡುತ್ತಾರೆ? ರಾತ್ರಿ ಕಾಳು ನೆನೆಹಾಕುತ್ತಾರೆ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲಾಗಿ ಕಟ್ಟಿ ಬೆಚ್ಚಗಿನ ಮೂಲೆಯಲ್ಲಿಡುತ್ತಾರೆ. ಮೊಳಕೆ ಬೇಗ ಬರಲೆಂದು ಮೂರು ದಿನ ನೀರಿನಲ್ಲೇ ಮುಳುಗಿಸಿಡುವವರು ಯಾರೂ ಇಲ್ಲ, ಇಟ್ಟರೆ ನಾರುತ್ತದೆ. ಅದೇಕೆ? ನೀರು ಕುಡಿದ ಬೀಜ ಎಚ್ಚೆತ್ತು ಉಸಿರಾಡತೊಡಗುತ್ತದೆ. ಒಳಗೆ ಕೂಡಿಟ್ಟ ಪಿಷ್ಟ, ಎಣ್ಣೆಗಳನ್ನು ಕರಗಿಸಿ ಶಕ್ತಿ ಪಡೆಯಲು ಅದಕ್ಕೆ ಆಮ್ಲಜನಕ ಬೇಕು. ಮುಳುಗಿದ ಬೀಜಕ್ಕೆ ಗಾಳಿ ಸಾಲದೆ ಉಸಿರುಕಟ್ಟುತ್ತದೆ. ಅಡಿಗೆಮನೆಯಲ್ಲಿ ಇಷ್ಟು ಚೆನ್ನಾಗಿ ತಿಳಿದ ಸಂಗತಿಯನ್ನು ಕುಂಡದ ಮುಂದೆ ನಿಂತಾಗ ಮಾತ್ರ ನಾವು ಮರೆಯುತ್ತೇವೆ! ಬೀಜ ಹಾಕಿದ್ದೇ ತಡ, ದಿನಕ್ಕೆ ಮೂರು ಸಲ ನೀರು ಸುರಿದು ಮಣ್ಣನ್ನು ಕೆಸರು ಮಾಡುತ್ತೇವೆ.

ನುಗ್ಗೆಯ ಬೀಜಕ್ಕೆ ಕಾಗದದಂಥ ಮೂರು ರೆಕ್ಕೆಗಳಿರುತ್ತವೆ. ಅವನ್ನು ತೆಗೆದರೂ ಸರಿ, ಬಿಟ್ಟರೂ ಸರಿ. ಒಂದು ರಾತ್ರಿ ನೆನೆಸಿ, ಬಸಿದು, ಸುಮಾರು 2 ಸೆಂಟಿಮೀಟರು ಆಳದಲ್ಲಿ ಊರಬೇಕು. ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಒಂದು ವಾರದಿಂದ ಹತ್ತು ಹನ್ನೆರಡು ದಿನದೊಳಗೆ ಮೊಳಕೆ ಕಾಣುತ್ತದೆ. ಇಲ್ಲಿ ಋತುವಿನ ಪ್ರಶ್ನೆ ಬಂತು. ಶಿರೂರು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಡಿಸೆಂಬರು ಜನವರಿಯ ರಾತ್ರಿಗಳಲ್ಲಿ ಇಲ್ಲಿ ಒಳ್ಳೇ ಚಳಿ. ಆಗ ಬಿತ್ತಿದ ಬೀಜ ಮಣ್ಣಿನೊಳಗೇ ಮುದುಡಿ ಕೂಡುತ್ತದೆ, ಕೊಳೆತರೂ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಉಷ್ಣತೆಯೇನೋ ಉಂಟು, ಆದರೆ ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಮನೆಗಳಲ್ಲಿ ಸಸಿಗೆ ಯಾರು ನೀರು ಕೊಟ್ಟಾರು? ಜೂನಿನಲ್ಲಿ ಮೊದಲ ಮಳೆ ಬಿದ್ದು ನೆಲದ ಕಾವು ಆರುವ ಮುನ್ನಿನ ದಿನಗಳೇ ಶ್ರೇಷ್ಠ. ಮಕ್ಕಳ ಶಾಲೆಯ ವರ್ಷಕ್ಕೆ ಹೊಂದಿಸಿ ಜೂನಿನಲ್ಲಿ ಮನೆ ಹಿಡಿದವರಿಗಂತೂ ಲೆಕ್ಕ ಸರಿಯಾಗಿ ಕೂಡುತ್ತದೆ: ಸೆಪ್ಟೆಂಬರು ಅಕ್ಟೋಬರಿಗೆ ಹೂವು, ಡಿಸೆಂಬರಿನ ಸುಮಾರಿಗೆ ಮೊದಲ ಕಾಯಿ. ಚಳಿಗೆ ಕೊಂಚ ತಡವಾದರೂ ಕರಾರು ಮುಗಿಯಲು ಇನ್ನೂ ತಿಂಗಳುಗಳಿರುತ್ತವೆ.

ಈ ತಾಲೂಕಿನ ಕರಿಮಣ್ಣು ನೀರನ್ನು ಹಿಡಿದು ಬಿಡುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಕುಂಡಕ್ಕೆ ಅದನ್ನೇ ತುಂಬಿದರೆ ಎಳೆ ಬೇರಿಗೆ ಗಾಳಿಯಾಡದು. ಒಂದು ಪಾಲು ಮಣ್ಣು, ಒಂದು ಪಾಲು ಮರಳು ಅಥವಾ ಸಣ್ಣ ಮುರುಮು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ಸಾಕು. ಹಸಿ ಸಗಣಿ ಬೇಡವೇ ಬೇಡ, ಅದರ ಕಾವಿಗೆ ಬೇರು ಸುಡುತ್ತದೆ. ಕುಂಡಕ್ಕೆ ದುಡ್ಡು ಹಾಕಬೇಕಿಲ್ಲ. ಅಡಿಗೆ ಎಣ್ಣೆಯ ಒಂದು ಲೀಟರಿನ ಖಾಲಿ ಚೀಲವನ್ನು ತೊಳೆದು ತಳದಲ್ಲಿ ನಾಲ್ಕಾರು ತೂತು ಮಾಡಿದರಾಯಿತು. ಚೀಲ ಅಗಲಕ್ಕಿಂತ ಆಳವಾಗಿರಲಿ. ನುಗ್ಗೆ ಮೇಲೆ ಎರಡೆಲೆ ತೋರಿಸುವುದರೊಳಗೆ ಕೆಳಗೆ ಗಡ್ಡೆಯಂಥ ತಾಯಿಬೇರನ್ನು ಇಳಿಸಿರುತ್ತದೆ. ತಳ ತಾಗಿದರೆ ಅದು ಸುರುಳಿ ಸುತ್ತುತ್ತದೆ. ನೆಲದಲ್ಲೇ ಜಾಗವಿದ್ದರೆ ನೇರ ಅಲ್ಲಿಯೇ ಬೀಜ ಊರುವುದು ಇನ್ನೂ ಉತ್ತಮ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಮೊಳಕೆ ಬಂದ ಮೇಲೆ. ಮಳೆಗೆ ಹೆದರಿ ಸಸಿಯನ್ನು ಮನೆಯೊಳಗೆ ಕಿಟಕಿಯಿಂದ ದೂರ ಇಡುತ್ತಾರೆ. ನಾಲ್ಕು ದಿನದಲ್ಲಿ ಅದು ಗೇಣುದ್ದ ಬೆಳೆದು ನಿಂತಿರುತ್ತದೆ. ‘ನೋಡಿರಿ, ಎಷ್ಟು ಬೇಗ!’ ಎಂದು ಮನೆಯವರಿಗೆ ಸಂಭ್ರಮ. ಅದು ಬೆಳವಣಿಗೆಯಲ್ಲ, ಬೆಳಕಿನ ಹುಡುಕಾಟ. ಬೆಳಕು ಸಾಲದ ಸಸಿ ಕಾಂಡವನ್ನು ಎಳೆದೆಳೆದು ನೀಳ ಮಾಡುತ್ತದೆ. ಎಲೆ ಬಿಳಚುತ್ತದೆ, ಬೇರು ಹಿಂದೆ ಬೀಳುತ್ತದೆ. ಮೊದಲ ಗಾಳಿಗೆ ಬಾಗುತ್ತದೆ. ಅದರ ಪಕ್ಕದಲ್ಲೇ ಬಿಸಿಲಿನಲ್ಲಿ ಬೆಳೆದ ಸಸಿ ಅರ್ಧ ಎತ್ತರವಿದ್ದರೂ ಕಾಂಡ ದಪ್ಪ, ಎಲೆ ಕಡುಹಸಿರು. ತಿಂಗಳು ಕಳೆಯುವುದರೊಳಗೆ ಎರಡನೆಯದೇ ಮುಂದಾಗುತ್ತದೆ. ಆದ್ದರಿಂದ ಮೊಳಕೆ ಕಂಡ ದಿನದಿಂದಲೇ ಬೆಳಗಿನ ಬಿಸಿಲು ಬೀಳುವ ಕಟ್ಟೆಯ ಮೇಲಿಡಬೇಕು. ಜಡಿಮಳೆಯ ಹೊಡೆತಕ್ಕೆ ಮಾತ್ರ ಮರೆ ಮಾಡಿದರೆ ಸಾಕು. ಮೇಲ್ಮಣ್ಣು ಒಣಗಿದ್ದನ್ನು ಬೆರಳಿಂದ ಮುಟ್ಟಿ ನೋಡಿ ನೀರು ಕೊಡಬೇಕು. ಸದಾ ಒದ್ದೆಯಿದ್ದರೆ ಬೂಷ್ಟು ತಗಲಿ ಕಾಂಡದ ಬುಡ ನೀರುನೀರಾಗಿ, ನಿನ್ನೆ ನೆಟ್ಟಗಿದ್ದ ಸಸಿ ಇಂದು ಮಲಗಿರುತ್ತದೆ. ಮಲಗಿದ್ದು ಮತ್ತೆ ಏಳದು.

ಗೊಬ್ಬರದ ಅಂಗಡಿಯವರ ಮಾತಿಗೂ ಕಿವಿ ಕಡಮೆ ಕೊಡಿರಿ. ಹೊಗಳಿ ಉಬ್ಬಿಸುವುದಕ್ಕೆ ಮರಾಠಿಯಲ್ಲಿ ‘ಕಡಲೆಯ ಗಿಡದ ಮೇಲೆ ಹತ್ತಿಸುವುದು’ ಎನ್ನುತ್ತಾರೆ. ಯೂರಿಯಾ ಸುರಿದ ನುಗ್ಗೆಯ ಪಾಡೂ ಅಷ್ಟೆ: ಸೊಪ್ಪು ತುಂಬಿ ತುಳುಕುತ್ತದೆ, ಹೂವಿನ ಸುಳಿವಿಲ್ಲ.

ಒಂದು ತಿಂಗಳಾಗಿ ಸಸಿ ಅಡಿಯೆತ್ತರಕ್ಕೆ ಬಂದಾಗ ಒಂದೂವರೆ ಅಡಿಯ ಗುಂಡಿ ತೋಡಿ, ಚೀಲವನ್ನು ಬ್ಲೇಡಿನಿಂದ ಸೀಳಿ, ಬೇರಿನ ಮಣ್ಣು ಉದುರದಂತೆ ಇಳಿಸಬೇಕು. ಸಂಜೆಯ ಹೊತ್ತು ಒಳ್ಳೆಯದು. ಮನೆಯ ಮಾಲಕರನ್ನು ಮೊದಲೇ ಕೇಳಿರಿ. ನುಗ್ಗೆ ಮನೆಯ ಮುಂದೆ ಬೇಡವೆಂಬ ನಂಬಿಕೆ ನಮ್ಮಲ್ಲಿದ್ದಂತೆ ಇಲ್ಲಿಯವರಲ್ಲಿಯೂ ಉಂಟು. ಈ ನಂಬಿಕೆಯ ಹಿಂದೆ ಕಾರಣವಿಲ್ಲದಿಲ್ಲವೆಂದು ನನಗೆ ತೋರುತ್ತದೆ: ಇದರ ಕಟ್ಟಿಗೆ ಬಲು ಪೊಳ್ಳು, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ, ಮಳೆಗಾಲದಲ್ಲಿ ಕಂಬಳಿಹುಳುಗಳು ಕಾಂಡಕ್ಕೆ ಗುಂಪಾಗಿ ಅಂಟಿಕೊಂಡಿರುತ್ತವೆ, ಮೈಗೆ ತಾಗಿದರೆ ತುರಿಕೆ. ಬಾಗಿಲಿನಿಂದಲೂ ವಿದ್ಯುತ್ತಿನ ತಂತಿಯಿಂದಲೂ ದೂರ, ಹಿತ್ತಲ ಮೂಲೆ ಲೇಸು. ಹುಳು ಕಂಡರೆ ಕೋಲಿನಿಂದ ಸಾಬೂನಿನ ನೀರಿನ ಬಕೀಟಿಗೆ ಕೆಡವಬಹುದು.

ಗಿಡ ಎದೆಯೆತ್ತರಕ್ಕೆ ಬರುವ ಮುನ್ನ, ಎರಡೂವರೆ ಅಡಿಯಾದಾಗಲೇ ಕುಡಿ ಚಿವುಟಬೇಕು. ಇದಕ್ಕೆ ಕೈ ಬರುವುದು ಕಷ್ಟ. ಬೆಳೆಯುವುದನ್ನು ಚಿವುಟುವುದೆ ಎಂದು ಅಜ್ಜಿಯಂದಿರು ಗದರಿಸುತ್ತಾರೆ. ಚಿವುಟದಿದ್ದರೆ ಗಿಡ ಒಂಟಿಕೋಲಿನಂತೆ ಮೇಲಕ್ಕೇ ಹೋಗುತ್ತದೆ, ಕಾಯಿ ಕೈಗೆಟುಕದು. ಚಿವುಟಿದರೆ ಪಕ್ಕದ ಕವಲುಗಳೊಡೆದು ಪ್ರತಿ ಕವಲಿನಲ್ಲೂ ಹೂಗೊಂಚಲು ಬರುತ್ತದೆ. ಚಿವುಟಿದ ಕುಡಿಯೂ ವ್ಯರ್ಥವಲ್ಲ. ಅಂದಿನ ರೊಟ್ಟಿಗೆ ಪಲ್ಯವಾಯಿತು. ಹೊರದೇಶದಲ್ಲಿರುವ ನಮ್ಮ ಬಂಧುಗಳು ‘ಮೊರಿಂಗಾ’ ಎಂಬ ಹೆಸರಿನ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಕೊಳ್ಳುವ ಪುಡಿ ಇದೇ ಸೊಪ್ಪಿನದು.

ನೆಲವೇ ಇಲ್ಲದ ಮಹಡಿಮನೆಯವರು ಒಂದೂವರೆ ಅಡಿ ಆಳದ ಟಬ್ಬಿನಲ್ಲಿ ಸೊಪ್ಪಿಗಾಗಿ ಬೆಳೆಸಬಹುದು, ಕಾಯಿಯ ಆಸೆ ಇಟ್ಟುಕೊಳ್ಳಬಾರದು.

ಕಾಯಿ ಬಂದಾಗ ನೆರೆಮನೆಗೂ ನಾಲ್ಕು ಹೋಗಲಿ. ಮರಾಠಿಯಲ್ಲಿ ಇದು ಶೇವಗಾ, ಕೋಡಿಗೆ ಶೇಂಗ್. ಹೊಸದಾಗಿ ಬಂದ ಉತ್ತರ ಕರ್ನಾಟಕದವರು ಸಂತೆಯಲ್ಲಿ ‘ಶೇಂಗಾ’ ಎಂದು ಕೇಳಿದೊಡನೆ ಕಡಲೆಕಾಯಿಗೆ ಚೀಲ ಹಿಡಿಯುವುದುಂಟು. ಅವರು ಆಮಟಿಗೆ ಹಾಕುತ್ತಾರೆ, ನಾವು ಹುಳಿಗೆ.

ಕರಾರು ಮುಗಿದು ಸಾಮಾನು ಕಟ್ಟುವ ದಿನ ಬಂದರೆ, ಕಾಯಿ ಮುಗಿದ ಗಿಡವನ್ನು ನೆಲದಿಂದ ಮೂರು ಅಡಿ ಬಿಟ್ಟು ಕತ್ತರಿಸಿ, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಿ ಹೋಗಿರಿ. ಮೋಟಿನಿಂದ ಹೊಸ ಚಿಗುರೊಡೆದು ನಾಲ್ಕೈದು ತಿಂಗಳಲ್ಲಿ ಮತ್ತೆ ಕಾಯಿ ಬಿಡುತ್ತದೆ. ಹೀಗೆ ಇನ್ನೆರಡು ವರ್ಷ ನಡೆಯುತ್ತದೆ. ಒಣಗಿದ ಕೋಡೊಂದನ್ನು ಮಾತ್ರ ಕಾಗದದಲ್ಲಿ ಸುತ್ತಿ ಹೊಸ ಮನೆಗೆ ಒಯ್ಯಲು ಮರೆಯಬೇಡಿರಿ. ಅದರಲ್ಲಿ ಮುಂದಿನ ಜೂನಿಗೆ ಬೇಕಾದಷ್ಟು ಬೀಜಗಳಿರುತ್ತವೆ.