ಪಿಂಗ್ ವರಸೆ ಬದಲಿಸಿದಾಗ

ಲಿನಕ್ಸ್ ಟರ್ಮಿನಲ್‌ನಲ್ಲಿ ‘ಪಿಂಗ್ 010.0.0.1’ ಎಂದು ಟೈಪ್ ಮಾಡಿ ನೋಡಿ. ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳುವ ಪ್ಯಾಕೆಟ್ ಹೊರಡುವುದು 10.0.0.1ಕ್ಕಲ್ಲ, 8.0.0.1ಕ್ಕೆ. ಅಂಕಿಗಳು ಒಂದೇ ಅಳತೆಯಲ್ಲಿ ಕೂರಲಿ ಎಂದು ಮುಂದೊಂದು ಸೊನ್ನೆ ಹಾಕಿದವರು ತಬ್ಬಿಬ್ಬಾಗುವುದು ಇಲ್ಲೇ. ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಅಷ್ಟಮಾನದಲ್ಲಿ ಓದುವುದು ಸಿ ಭಾಷೆಯ ರೂಢಿ. ಬರ್ಕ್‌ಲಿ ಯುನಿಕ್ಸ್‌ನಲ್ಲಿ ವಿಳಾಸ ಓದುವ ಫಂಕ್ಷನ್ ಆ ರೂಢಿಯನ್ನೇ ಹಿಡಿಯಿತು, ಪಿಂಗ್ ಇಂದಿಗೂ ಬಿಟ್ಟಿಲ್ಲ.

ಪಿಂಗ್ ಹುಟ್ಟಿದ್ದು 1983ರ ಡಿಸೆಂಬರ್‌ನಲ್ಲಿ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿ. ಅಲ್ಲಿನ ನೆಟ್‌ವರ್ಕ್ ಏನೇನೋ ಆಡುತ್ತಿತ್ತು. ಅಲ್ಲೇ ಕೆಲಸದಲ್ಲಿದ್ದ ಮೈಕ್ ಮ್ಯೂಸ್ ಪಟ್ಟು ಹಿಡಿದು ಕೂತು ಸುಮಾರು ಸಾವಿರ ಸಾಲು ಬರೆದರು. ಪ್ರೋಗ್ರಾಂ ಕೈಗೆ ಬರುವಷ್ಟರಲ್ಲಿ ಹಾರ್ಡ್‌ವೇರ್ ದೋಷ ಸರಿಹೋಗಿತ್ತು! ಮದ್ದು ಅರೆದು ಮುಗಿಸುವ ಮೊದಲೇ ಜ್ವರ ಇಳಿದಂತೆ. ಹೆಸರು ಮಾತ್ರ ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಬಂದು ಗಟ್ಟಿಯಾಗಿ ನಿಂತಿತು.

ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಬಂದಾಗ ಹಳೆಯ ಪಿಂಗನ್ನು ಮುಟ್ಟದೆ ‘ಪಿಂಗ್6’ ಎಂಬ ಬೇರೆಯೇ ಕಮಾಂಡ್ ಮಾಡಿದರು. ವರ್ಷಗಟ್ಟಲೆ ಎರಡೂ ಅಕ್ಕಪಕ್ಕದಲ್ಲಿ ಇದ್ದವು. 2015ರ ಸುಮಾರಿಗೆ ಲಿನಕ್ಸ್‌ನಲ್ಲಿ ಅವೆರಡನ್ನೂ ಒಂದು ಮಾಡಿದರು. ತಪ್ಪೇನಿಲ್ಲ, ಒಂದೇ ಕೆಲಸಕ್ಕೆ ಎರಡು ಕಮಾಂಡ್ ಯಾಕೆ? ಆದರೆ ಅಲ್ಲಿಯವರೆಗೆ ‘ಪಿಂಗ್ ಲೋಕಲ್‌ಹೋಸ್ಟ್’ ಎಂದರೆ 127.0.0.1 ಎನ್ನುತ್ತಿದ್ದುದು ಈಗ ಹಲವು ಯಂತ್ರಗಳಲ್ಲಿ ::1 ಎನ್ನತೊಡಗಿತು. ಚುಕ್ಕಿ ಹಾಕಿದ ನಾಲ್ಕು ಅಂಕಿಗಳನ್ನೇ ಹುಡುಕುತ್ತಿದ್ದ ಸ್ಕ್ರಿಪ್ಟ್‌ಗಳಿಗೆ ಏನೂ ಸಿಗಲಿಲ್ಲ. ಐಪಿವಿ6 ದಾರಿ ಕೆಟ್ಟಿದ್ದ ಕಡೆ, ಚೆನ್ನಾಗಿಯೇ ಇದ್ದ ಸರ್ವರ್ ಸತ್ತಿದೆ ಎಂದು ತೋರಿತು.

ವಿಂಡೋಸ್‌ನದು ಇನ್ನೊಂದು ಕಥೆ. ಪಕ್ಕದ ಯಂತ್ರ ಆಫ್ ಆಗಿದ್ದರೆ ನಿಮ್ಮ ಕಂಪ್ಯೂಟರೇ ‘ತಲುಪಲಾಗುತ್ತಿಲ್ಲ’ ಎಂದು ಉತ್ತರಿಸುತ್ತದೆ. ಪಿಂಗ್ ಅದನ್ನೂ ಬಂದ ಉತ್ತರವೆಂದೇ ಎಣಿಸಿ, ನಷ್ಟ 0% ಎಂದು ಲೆಕ್ಕ ಒಪ್ಪಿಸುತ್ತದೆ. ಇದು ನನಗಂತೂ ಶುದ್ಧ ಅಧಿಕಪ್ರಸಂಗವಾಗಿ ಕಾಣುತ್ತದೆ. ಅನುಭವಸ್ಥ ಅಡ್ಮಿನ್‌ಗಳು ಇದಕ್ಕೊಂದು ಉಪಾಯ ಕಂಡುಕೊಂಡರು: ಒಟ್ಟು ಲೆಕ್ಕವನ್ನು ನಂಬದೆ, ಉತ್ತರದ ಸಾಲಿನಲ್ಲಿ ‘ಟಿಟಿಎಲ್=’ ಇದೆಯೇ ಎಂದು ಹುಡುಕುವುದು. ಅಸಲಿ ಉತ್ತರವಾದರೆ ಅದು ಇದ್ದೇ ಇರುತ್ತದೆ. ಎಷ್ಟೋ ಬ್ಯಾಚ್ ಫೈಲ್‌ಗಳು ಇದನ್ನೇ ನೆಚ್ಚಿಕೊಂಡವು.

ವಿಸ್ಟಾದಿಂದೀಚೆಗೆ ವಿಂಡೋಸ್ ಕೂಡ ಐಪಿವಿ6ಗೇ ಮಣೆ ಹಾಕಿತು. ಐಪಿವಿ6 ಉತ್ತರದ ಸಾಲಿನಲ್ಲಿ ವಿಂಡೋಸ್ ಪಿಂಗ್ ಟಿಟಿಎಲ್ ತೋರಿಸುವುದೇ ಇಲ್ಲ. ಹಾಗಾಗಿ ಆ ಉಪಾಯವೂ ಕೈಕೊಟ್ಟಿತು. ಹಳೆಯ ಬ್ಯಾಚ್ ಫೈಲ್‌ಗಳಲ್ಲಿ ಪಿಂಗ್ ಪಕ್ಕದಲ್ಲಿ, ಹಳೆಯ ಐಪಿವಿ4 ವಿಳಾಸವನ್ನೇ ಬಳಸು ಎನ್ನುವ ‘-4’ ಸೇರಿಕೊಂಡಿದ್ದು ಹೀಗೆ.